ಬೀಜದ ಟಗರು ಮತ್ತು ಹೋತಗಳಿಗೆ ಮರದ ಸೊಪ್ಪಿನ ಮೇವು: ಚಿಕ್ಕರಸಿನಕೆರೆ ಸೀಮೆಯ ರೈತರಿಗೆ ಕೆಲವು ಸೂಚನೆಗಳು

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಲ್ಲಿ ಕಾಲಭೈರವೇಶ್ವರ ಸ್ವಾಮಿಯ ಬಸವನಿಗೆ ಸಲ್ಲುವ ಮರ್ಯಾದೆಯು ಈ ಪ್ರಾಂತ್ಯದವರೆಲ್ಲರಿಗೂ ತಿಳಿದುದೇ ಆಗಿದೆ. ಆದರೆ ಅದೇ ಸೀಮೆಯ ಕುರಿಮಂದೆಗಳಲ್ಲಿ ಇರುವ ಬೀಜದ ಟಗರಿಗಾಗಲಿ, ಆಡಿನ ಹಿಂಡಿನಲ್ಲಿರುವ ಹೋತಕ್ಕಾಗಲಿ ವಿಶೇಷವಾದ ಆರೈಕೆಯು ಸಾಮಾನ್ಯವಾಗಿ ದೊರೆಯುವುದಿಲ್ಲ. ಗಬ್ಬದ ಕುರಿಗೆ ಹಿಡಿ ಹುರುಳಿಯುಂಟು, ಎಳೆಯ ಮರಿಗೆ ಎಳೆಯ ಚಿಗುರುಂಟು; ಟಗರು ಮಾತ್ರ ಮಂದೆಯ ಹಿಂದೆ ಸಿಕ್ಕಿದ್ದನ್ನು ತಿಂದು ಬರತಕ್ಕದ್ದು. ಮರಿಗಳು ಕಡಮೆಯಾದ ವರ್ಷ ತಪ್ಪೆಲ್ಲವೂ ಹೆಣ್ಣುಕುರಿಗಳ ಮೇಲೆ ಬೀಳುತ್ತದೆ. ಅವುಗಳನ್ನು ಗೊಡ್ಡೆಂದು ಸಂತೆಗೆ ಹೊಡೆಯುವುದೂ ಉಂಟು. ಹೆಣ್ಣುಕುರಿಯೊಂದು ಗೊಡ್ಡಾದರೆ ಹೋಗುವುದು ಒಂದು ಮರಿ. ಟಗರು ಕೆಟ್ಟರೆ ಹೋಗುವುದು ಮಂದೆಯ ಒಂದು ವರ್ಷದ ಬೆಳೆ. ಆದುದರಿಂದ ಟಗರು ತಿನ್ನುವ ಮೇವಿಗೂ ಅದರ ಬೀಜಶಕ್ತಿಗೂ ಇರುವ ಸಂಬಂಧವನ್ನು, ಮುಖ್ಯವಾಗಿ ಬೇಸಗೆಯಲ್ಲಿ ಅದಕ್ಕೆ ಒದಗುವ ಮರದ ಸೊಪ್ಪಿನ ಗುಣದೋಷಗಳನ್ನು, ಗ್ರಾಮದ ಯಜಮಾನರೂ ಜಮೀನುದಾರರೂ ಅರಿತಿರುವುದು ಅವಶ್ಯಕ.

ಈ ಸೀಮೆಗೆ ಈ ವಿಷಯವು ಮತ್ತೂ ಒಂದು ಕಾರಣದಿಂದ ಮುಖ್ಯವಾದುದು. ಮಂಡ್ಯ ಕುರಿಯೆಂದೂ, ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರಿನ ಹೆಸರಿನಿಂದ ಬನ್ನೂರು ಕುರಿಯೆಂದೂ, ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರಿನಿಂದ ಬಂಡೂರು ಕುರಿಯೆಂದೂ ಕರೆಯಲ್ಪಡುವ ತಳಿಯ ತವರು ಇದೇ. ಗಿಡ್ಡ ಕಾಲು, ತುಂಬಿದ ತೊಡೆ, ಬಿಳಿಯ ಮೈ, ಕೆಲವಕ್ಕೆ ಮುಖದ ಮೇಲೆ ತಿಳಿಗಂದು ಬಣ್ಣ—ಇವು ಇದರ ಲಕ್ಷಣಗಳು. ಮಾಂಸದ ರುಚಿಯಲ್ಲಿ ಇದಕ್ಕೆ ಸಮನಾದ ತಳಿ ದೇಶದಲ್ಲಿ ವಿರಳ. ಇದರ ಸಂವರ್ಧನೆಗಾಗಿ ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕ್ಷೇತ್ರವು ಏರ್ಪಟ್ಟಿತು. ಆದರೂ ಶುದ್ಧ ತಳಿಯ ಮಂದೆಗಳು ವರ್ಷೇ ವರ್ಷೇ ಕಡಮೆಯಾಗುತ್ತ ಬಂದಿವೆ. ಶುದ್ಧವಾದ ಟಗರು ವಿರಳವಾದಷ್ಟೂ ಅದರ ಒಂದೊಂದು ಋತುವೂ ಬೆಲೆಯುಳ್ಳದ್ದು. ಅಂತಹ ಟಗರು ಮೇವಿನ ದೋಷದಿಂದ ಒಂದು ಋತು ನಿಷ್ಫಲವಾದರೆ, ಆ ನಷ್ಟವು ಮಾಲೀಕನೊಬ್ಬನದು ಮಾತ್ರವಲ್ಲ, ತಳಿಯದೂ ಹೌದು.

ಬೇಸಗೆಯ ಸೊಪ್ಪು, ಮುಂಗಾರಿನ ಬೀಜ

ಟಗರಿನ ರೇತಸ್ಸು ಒಂದು ದಿನದಲ್ಲಿ ಸಿದ್ಧವಾಗುವ ವಸ್ತುವಲ್ಲ. ವೃಷಣದೊಳಗೆ ಒಂದು ರೇತಾಣುವು ಮೊದಲಿನಿಂದ ರೂಪುಗೊಳ್ಳುವುದಕ್ಕೆ ಸುಮಾರು ೪೯ ದಿವಸಗಳು ಬೇಕು. ಆ ಬಳಿಕ ಅದು ವೃಷಣಕ್ಕೆ ಅಂಟಿಕೊಂಡಿರುವ ನಾಳದಲ್ಲಿ ಹರಿದು ಬಲಿಯುವುದಕ್ಕೆ ಮತ್ತೆ ಹತ್ತು ಹನ್ನೆರಡು ದಿವಸಗಳಾದರೂ ಹಿಡಿಯುತ್ತವೆ. ಹೋತದಲ್ಲಿಯೂ ಕಾಲಾವಧಿಯು ಹೆಚ್ಚು ಕಡಮೆ ಇಷ್ಟೆ. ಎಂದರೆ, ಈ ದಿನ ಟಗರು ಬಿಡುವ ಬೀಜವು ಎರಡು ತಿಂಗಳ ಹಿಂದೆ ಅದು ತಿಂದ ಮೇವಿನಿಂದ ಆರಂಭವಾದುದು.

ಈ ಲೆಕ್ಕವನ್ನು ನಮ್ಮ ಪಂಚಾಂಗಕ್ಕೆ ಹೊಂದಿಸಿ ನೋಡಬೇಕು. ಈ ತಳಿಯ ಕುರಿಗಳು ವರ್ಷದ ಯಾವ ಕಾಲದಲ್ಲಿಯೂ ಬೆದೆಗೆ ಬರಬಲ್ಲವಾದರೂ, ಮುಂಗಾರು ಮಳೆ ಬಿದ್ದು ಹಸಿರು ಚಿಗುರಿದ ಜೂನ್, ಜುಲೈ ತಿಂಗಳುಗಳಲ್ಲಿ ಹೆಚ್ಚಾಗಿ ಬೆದೆಗೆ ಬರುತ್ತವೆ. ಗಬ್ಬದ ಕಾಲ ಐದು ತಿಂಗಳು. ಮರಿಗಳು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ, ಮೇವು ಸಮೃದ್ಧವಾಗಿರುವಾಗ, ಹುಟ್ಟುತ್ತವೆ. ಜೂನ್ ತಿಂಗಳಿನ ಬೀಜವು ಸಿದ್ಧವಾಗತೊಡಗುವುದು ಏಪ್ರಿಲ್ ತಿಂಗಳಿನಲ್ಲಿ. ಆಗ ಹೊಲಗಳು ಬೋಳು, ಗೋಮಾಳದಲ್ಲಿ ಹುಲ್ಲಿನ ಬುಡವೂ ಒಣಗಿರುತ್ತದೆ. ಮಂದೆ ಕಾಯುವವನ ಕೈಯಲ್ಲಿ ಕುಡುಗೋಲು ಕಟ್ಟಿದ ಗಳು. ಆತನು ಕಡಿದು ಕೆಡಹಿದ ಸೊಪ್ಪೇ ಮಂದೆಗೆ ಆಧಾರ. ಹೀಗೆ ಚೈತ್ರ ವೈಶಾಖಗಳಲ್ಲಿ ಯಾವ ಮರದ ಸೊಪ್ಪು ಎಷ್ಟು ಪ್ರಮಾಣದಲ್ಲಿ ಟಗರಿನ ಹೊಟ್ಟೆ ಸೇರುತ್ತದೆಯೋ, ಅದರ ಫಲವು ಮಾರ್ಗಶಿರದ ಮರಿಗಳಲ್ಲಿ ಕಾಣುತ್ತದೆ. ನಡುವೆ ಏಳೆಂಟು ತಿಂಗಳುಗಳ ಅಂತರವಿರುವುದರಿಂದಲೇ ಕಾರಣವು ಯಾರ ಮನಸ್ಸಿಗೂ ಹೊಳೆಯುವುದಿಲ್ಲ.

ಸೊಪ್ಪಿನಿಂದಾಗುವ ಉಪಕಾರ

ಸೊಪ್ಪಿನ ಮೇಲೆ ಆಕ್ಷೇಪಣೆ ಹೇಳುವುದಕ್ಕೆ ಮೊದಲು ಅದರ ಉಪಕಾರವನ್ನು ಹೇಳುವುದು ನ್ಯಾಯ. ಒಣಗಿದ ಭತ್ತದ ಹುಲ್ಲಿನಲ್ಲಿ ಸಸಾರಜನಕದ ಅಂಶವು ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಅಗಸೆ, ಗೊಬ್ಬರದ ಗಿಡ, ಸುಬಾಬುಲ್ ಮುಂತಾದ ದ್ವಿದಳ ಜಾತಿಯ ಮರಗಳ ಎಲೆಯನ್ನು ಒಣಗಿಸಿ ಪರೀಕ್ಷಿಸಿದರೆ ಅದೇ ಅಂಶವು ನೂರಕ್ಕೆ ೨೦ ಪಾಲಿನಷ್ಟೂ ಅದಕ್ಕೆ ಮೇಲ್ಪಟ್ಟೂ ಇರುತ್ತದೆ. ಬರಿಯ ಹುಲ್ಲು ತಿನ್ನುವ ಟಗರಿಗೆ ಇಂತಹ ಸೊಪ್ಪು ದೊರೆತರೆ ಅದು ಬಡವನಿಗೆ ಬೇಳೆ ದೊರೆತಂತೆ.

ವೃಷಣದ ಗಾತ್ರವು ಮೇವನ್ನು ಅನುಸರಿಸಿ ಹೆಚ್ಚುವುದೂ ಕುಗ್ಗುವುದೂ ಉಂಟು. ಪಶ್ಚಿಮ ಆಸ್ಟ್ರೇಲಿಯದಲ್ಲಿ ಟಗರುಗಳಿಗೆ ಲೂಪಿನ್ ಎಂಬ ಸಸಾರಜನಕಪೂರ್ಣವಾದ ಕಾಳನ್ನು ಎಂಟು ವಾರಗಳ ಕಾಲ ತಿನ್ನಿಸಿ ನೋಡಿದಾಗ ಅವುಗಳ ವೃಷಣಗಳು ಸ್ಪಷ್ಟವಾಗಿ ಬೆಳೆದುವು. ಮೇವು ಕಡಮೆಯಾದ ಟಗರುಗಳಲ್ಲಿ ಕುಗ್ಗಿದುವು. ಟಗರಿನ ವೃಷಣದ ಒಂದೊಂದು ಗ್ರಾಂ ತೂಕವೂ ದಿನಕ್ಕೆ ಸುಮಾರು ಎರಡು ಕೋಟಿ ರೇತಾಣುಗಳನ್ನು ಉತ್ಪತ್ತಿಮಾಡುತ್ತದೆ. ಆದುದರಿಂದ ಗಾತ್ರವು ಕುಗ್ಗಿತೆಂದರೆ ಬೀಜವೂ ಕಡಮೆಯಾಯಿತೆಂದೇ ಅರ್ಥ. ನಮ್ಮಲ್ಲಿ ಲೂಪಿನ್ ಇಲ್ಲ; ಅದರ ಸ್ಥಾನದಲ್ಲಿ ಹುರುಳಿಯೂ, ಹಿಂಡಿಯೂ, ಒಳ್ಳೆಯ ಸೊಪ್ಪೂ ಇವೆ.

ಹಸಿರೆಲೆಯಲ್ಲಿ ‘ಎ’ ಜೀವಸತ್ವಕ್ಕೆ ಮೂಲವಾದ ಕೆರೋಟಿನ್ ಎಂಬ ವಸ್ತುವು ಹೇರಳವಾಗಿರುವುದು ಎರಡನೆಯ ಉಪಕಾರ. ಬಹುಕಾಲ ಒಣಹುಲ್ಲನ್ನೇ ತಿಂದ ಪಶುವಿನಲ್ಲಿ ಈ ಜೀವಸತ್ವವು ಬತ್ತಿ, ಮುಸ್ಸಂಜೆಯಲ್ಲಿ ಕಣ್ಣು ಕಾಣದಾಗುವುದಲ್ಲದೆ, ವೃಷಣದಲ್ಲಿ ಬೀಜ ಹುಟ್ಟುವ ಕೋಶಗಳು ಕ್ಷೀಣಿಸುತ್ತವೆ. ಬೇಸಗೆಯಲ್ಲಿ ಹಿಡಿ ಹಸಿರು ಸೊಪ್ಪು ಕೊಡುವುದರಿಂದ ಈ ಕೊರತೆಯು ತಪ್ಪುತ್ತದೆ.

ಸೊಪ್ಪಿನಿಂದಾಗುವ ಅಪಕಾರ

ಮರವು ತನ್ನ ಎಲೆಯನ್ನು ಕುರಿಗಾಗಿ ಬೆಳೆಯುವುದಿಲ್ಲ. ಮೇಯುವ ಪ್ರಾಣಿಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಎಲೆಯಲ್ಲಿ ಒಗರು, ಕಹಿ, ನಂಜುಗಳನ್ನು ತುಂಬಿಡುತ್ತದೆ. ಸ್ವಲ್ಪ ತಿಂದರೆ ಪಶುವು ಇವನ್ನು ಅರಗಿಸಿಕೊಳ್ಳುತ್ತದೆ. ಒಂದೇ ಮರದ ಸೊಪ್ಪು ದಿನವೂ ಹೊಟ್ಟೆ ತುಂಬ ಸೇರಿದರೆ ಕೆಡುತ್ತದೆ. ಇವುಗಳಲ್ಲಿ ಬೀಜಶಕ್ತಿಗೆ ಸಂಬಂಧಪಟ್ಟವು ಮುಖ್ಯವಾಗಿ ಎರಡು.

ಮೊದಲನೆಯದು ಸುಬಾಬುಲ್ ಎಲೆಯಲ್ಲಿರುವ ಮೈಮೊಸಿನ್ ಎಂಬ ವಸ್ತು. ಎಳೆಯ ಚಿಗುರಿನಲ್ಲಿ ಇದರ ಅಂಶ ಹೆಚ್ಚು. ದೇಹದಲ್ಲಿ ಎಲ್ಲೆಲ್ಲಿ ಕೋಶಗಳು ವೇಗವಾಗಿ ಒಡೆದು ವೃದ್ಧಿಯಾಗುತ್ತವೆಯೋ ಅಲ್ಲಲ್ಲಿ ಇದು ಆ ವೃದ್ಧಿಯನ್ನು ತಡೆಯುತ್ತದೆ. ರೋಮದ ಬುಡದಲ್ಲಿ ಇಂತಹ ವೃದ್ಧಿಯು ಸದಾ ನಡೆಯುವುದರಿಂದ, ಸುಬಾಬುಲ್ಲನ್ನೇ ತಿಂದ ಕುರಿಯ ಉಣ್ಣೆಯು ಕಂತೆ ಕಂತೆಯಾಗಿ ಉದುರುತ್ತದೆ. ಬೀಜವೂ ಇದೇ ಬಗೆಯ ಕೋಶವೃದ್ಧಿಯಿಂದಲೇ ಹುಟ್ಟತಕ್ಕದ್ದೆಂಬುದನ್ನು ಇಲ್ಲಿ ನೆನೆಯಬೇಕು. ಈ ಮೈಮೊಸಿನ್ ಕುರಿಯ ಮೊದಲನೆಯ ಹೊಟ್ಟೆಯಲ್ಲಿ ಬೇರೊಂದು ವಸ್ತುವಾಗಿ ಮಾರ್ಪಟ್ಟು, ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯ ಕೆಲಸವನ್ನು ಕೆಡಿಸುತ್ತದೆ. ಆಗ ಕತ್ತು ಊದುವುದು, ಮೇವು ಬಿಡುವುದು, ಮೈ ಇಳಿಯುವುದು, ಬೆದೆಯ ಕುರಿಯಲ್ಲಿ ಟಗರಿಗೆ ಆಸಕ್ತಿ ತಗ್ಗುವುದು ಇವು ಒಂದರ ಹಿಂದೆ ಒಂದು ಬರುತ್ತವೆ.

ಈ ದೋಷಕ್ಕೆ ಪ್ರಕೃತಿಯೇ ಒಂದು ಪರಿಹಾರವನ್ನು ಇಟ್ಟಿರುವುದು ಆಶ್ಚರ್ಯಕರ. ಹವಾಯಿ ದ್ವೀಪದ ಆಡುಗಳು ಇದೇ ಸೊಪ್ಪನ್ನು ಯಥೇಚ್ಛವಾಗಿ ತಿಂದೂ ಕೆಡದಿದ್ದುದನ್ನು ಆಸ್ಟ್ರೇಲಿಯದ ರೇಮಂಡ್ ಜೋನ್ಸ್ ಎಂಬ ವಿಜ್ಞಾನಿಯು ಗಮನಿಸಿ, ಅವುಗಳ ಹೊಟ್ಟೆಯಲ್ಲಿ ಈ ನಂಜನ್ನು ಒಡೆಯುವ ಸೂಕ್ಷ್ಮಾಣುಗಳಿವೆಯೆಂದು ತೋರಿಸಿದನು. ಆ ಸೂಕ್ಷ್ಮಾಣುಗಳನ್ನು ಆಸ್ಟ್ರೇಲಿಯದ ಪಶುಗಳ ಹೊಟ್ಟೆಗೆ ಸೇರಿಸಿ ಸಫಲವಾದ ವರದಿಯು ೧೯೮೬ರಲ್ಲಿ ಪ್ರಕಟವಾಯಿತು. ೧೯೯೨ರಲ್ಲಿ ಆ ಸೂಕ್ಷ್ಮಾಣುವಿಗೆ ಆತನ ಹೆಸರನ್ನೇ ಸೇರಿಸಿ ನಾಮಕರಣವಾಯಿತು. ಇದರಿಂದ ರೈತನು ಕಲಿಯತಕ್ಕ ಪಾಠವು ಇಷ್ಟು: ಒಂದು ಮಂದೆಗೆ ಒಗ್ಗಿದ ಸೊಪ್ಪು ಇನ್ನೊಂದು ಮಂದೆಗೆ ಒಗ್ಗಬೇಕೆಂದಿಲ್ಲ. ಹೊಸದಾಗಿ ಕೊಂಡು ತಂದ ಟಗರಿಗೆ ಸುಬಾಬುಲ್ಲನ್ನು ಒಮ್ಮೆಗೇ ಕೊಡಬಾರದು; ಹಿಡಿಯಿಂದ ಆರಂಭಿಸಿ, ಮೂರು ನಾಲ್ಕು ವಾರಗಳಲ್ಲಿ ಕ್ರಮವಾಗಿ ಹೆಚ್ಚಿಸಬೇಕು.

ಎರಡನೆಯದು ಒಗರು. ಕರಿಜಾಲಿ, ಆಲ, ಅತ್ತಿ ಮೊದಲಾದ ಮರಗಳ ಎಲೆಯಲ್ಲಿ ಇರುವ ಈ ಒಗರು ನೇರವಾಗಿ ವೃಷಣವನ್ನು ಕೆಡಿಸುವುದಿಲ್ಲ. ಅದರ ಹಾನಿಯು ಪರೋಕ್ಷವಾದುದು. ಚರ್ಮ ಹದಮಾಡುವುದಕ್ಕೆ ಜಾಲಿಯ ತೊಗಟೆಯನ್ನು ಬಳಸುವುದಷ್ಟೆ. ಚರ್ಮವನ್ನು ಬಿಗಿಗೊಳಿಸುವ ಅದೇ ಗುಣವು ಹೊಟ್ಟೆಯಲ್ಲಿ ಮೇವಿನ ಸಸಾರಜನಕವನ್ನೂ ಕಟ್ಟಿಹಾಕಿ ಅರಗದಂತೆ ಮಾಡುತ್ತದೆ. ಹೊಟ್ಟೆ ತುಂಬಿರುತ್ತದೆ, ಮೈಗೆ ಮಾತ್ರ ಏನೂ ಸೇರದು. ಸ್ವಲ್ಪ ಒಗರು ಹೊಟ್ಟೆಯ ಹುಳುಗಳನ್ನು ಹತೋಟಿಯಲ್ಲಿಡಲು ಸಹಕಾರಿಯಾದರೂ, ಅದೇ ಮುಖ್ಯ ಆಹಾರವಾದರೆ ಟಗರು ಸೊರಗುತ್ತದೆ. ಟಗರು ಸೊರಗಿದರೆ ಮೊದಲು ಬತ್ತುವುದು ಬೀಜ. ಆಡು ಸ್ವಭಾವತಃ ಸೊಪ್ಪು ತಿನ್ನುವ ಪ್ರಾಣಿಯಾದುದರಿಂದ ಒಗರನ್ನು ಕುರಿಗಿಂತ ಹೆಚ್ಚಾಗಿ ತಡೆಯಬಲ್ಲದು. ಆದಕಾರಣ ಹೋತಕ್ಕೆ ಕೊಟ್ಟಷ್ಟು ಸೊಪ್ಪನ್ನು ಟಗರಿಗೆ ಕೊಡುವುದು ಯುಕ್ತವಲ್ಲ.

ಅನಾವಶ್ಯಕವಾದ ಭಯವನ್ನೂ ಬಿಡಬೇಕು. ೧೯೪೦ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ಕ್ಲೋವರ್ ಎಂಬ ಮೇವಿನ ಸಸ್ಯವನ್ನು ಮೇದ ಕುರಿಮಂದೆಗಳು ಗೊಡ್ಡಾಗಿ ದೊಡ್ಡ ಕೋಲಾಹಲವೇ ಆಯಿತು. ೧೯೪೬ರಲ್ಲಿ ಬೆನೆಟ್ಸ್, ಅಂಡರ್‌ವುಡ್, ಷಿಯರ್ ಎಂಬ ವಿಜ್ಞಾನಿಗಳು ಇದನ್ನು ವಿವರಿಸಿ ಬರೆದರು. ಆ ಸಸ್ಯದಲ್ಲಿ ಸ್ತ್ರೀರಸವನ್ನು ಹೋಲುವ ವಸ್ತುವಿದ್ದುದೇ ಕಾರಣವೆಂದು ಮುಂದೆ ತಿಳಿದುಬಂದಿತು. ಅಲ್ಲಿಯೂ ಹಾನಿಯು ಹೆಚ್ಚಾಗಿ ತಟ್ಟಿದುದು ಹೆಣ್ಣುಕುರಿಗಳಿಗೆ. ಬೀಜದ ಟಗರುಗಳು ಬಹುಮಟ್ಟಿಗೆ ಪಾರಾದುವು. ಮೇವಿನ ಸಸ್ಯವು ಸಂತಾನವನ್ನು ಕೆಡಿಸಬಲ್ಲದೆಂಬುದಕ್ಕೆ ಇದು ದೃಷ್ಟಾಂತವೇ ಹೊರತು, ಎಲ್ಲ ಸೊಪ್ಪೂ ಟಗರಿಗೆ ಶತ್ರುವೆಂಬುದಕ್ಕಲ್ಲ.

ಊರಿನ ಮರಗಳ ಗುಣ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಸೊಪ್ಪಿಗೆ ಅಭಾವವಿಲ್ಲ. ಆಯ್ದುಕೊಳ್ಳುವ ವಿವೇಚನೆ ಬೇಕು.

ಅಗಸೆ: ಎಲೆಯು ಮೃದು, ಸಸಾರಜನಕವು ಅಧಿಕ. ಗದ್ದೆಯ ಬದುಗಳಲ್ಲಿಯೂ ವೀಳೆಯದೆಲೆಯ ತೋಟಗಳಲ್ಲಿಯೂ ಬೆಳೆಯುತ್ತದೆ. ಬೀಜದ ಟಗರಿಗೆ ಉತ್ತಮವಾದುದು.

ಹಿಪ್ಪುನೇರಳೆ: ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಬಿಟ್ಟ ಸೊಪ್ಪು ಕಡ್ಡಿಗಳು ಸುಲಭವಾಗಿ ದೊರೆಯುತ್ತವೆ. ಅರಗುವುದರಲ್ಲಿ ಇದಕ್ಕೆ ಸಮನಾದ ಸೊಪ್ಪು ಕಡಮೆ. ತೋಟಕ್ಕೆ ಔಷಧಿ ಸಿಂಪಡಿಸಿದ್ದರೆ, ಅದರ ಅವಧಿ ಕಳೆಯುವವರೆಗೆ ಕೊಡಬಾರದು. ಬೂಷ್ಟು ಹಿಡಿದ ಕಸವನ್ನೂ ರೋಗದ ಹುಳುಗಳಿದ್ದ ಕಸವನ್ನೂ ಗೊಬ್ಬರದ ಗುಂಡಿಗೆ ಹಾಕತಕ್ಕದ್ದು.

ಗೊಬ್ಬರದ ಗಿಡ: ವಾಸನೆಯಿಂದಾಗಿ ಕುರಿಗಳು ಮೊದಲು ಮೂಸಿ ಬಿಡುತ್ತವೆ. ಕಡಿದು ಕೆಲವು ಗಂಟೆ ಬಾಡಿಸಿ ಕೊಟ್ಟರೆ ತಿನ್ನುತ್ತವೆ.

ಸುಬಾಬುಲ್: ಪುಷ್ಟಿಕರ, ಆದರೆ ಮೇಲೆ ಹೇಳಿದ ದೋಷವುಳ್ಳದ್ದು. ಬಲಿತ ಎಲೆಯನ್ನು ಬಿಸಿಲಿನಲ್ಲಿ ಒಣಗಿಸಿದರೆ ದೋಷವು ಸ್ವಲ್ಪಮಟ್ಟಿಗೆ ತಗ್ಗುತ್ತದೆ. ಒಟ್ಟು ಮೇವಿನ ಮೂರನೆಯ ಒಂದು ಪಾಲನ್ನು ಎಂದಿಗೂ ಮೀರಬಾರದು.

ಆಲ, ಅತ್ತಿ, ಕರಿಜಾಲಿ: ಬರಗಾಲಕ್ಕೆ ಒದಗುವ ಆಪ್ತರು. ಇತರ ಸೊಪ್ಪಿನೊಡನೆ ಬೆರಸಿಯೇ ಕೊಡತಕ್ಕವು.

ಬೇವು: ಇಲಿ ಮುಂತಾದ ಪ್ರಯೋಗದ ಪ್ರಾಣಿಗಳ ಗಂಡುಗಳಿಗೆ ಬೇವಿನೆಲೆಯನ್ನು ಹೆಚ್ಚಾಗಿ ತಿನ್ನಿಸಿದಾಗ ಬೀಜಶಕ್ತಿಯು ಕುಂದಿದುದು ಕಂಡುಬಂದಿದೆ. ಆಡು ತಾನಾಗಿ ಕಚ್ಚುವ ನಾಲ್ಕು ಎಲೆಗಳ ಬಗೆಗೆ ಚಿಂತೆ ಬೇಡ. ಬೀಜದ ಹೋತಕ್ಕೆ ಅದನ್ನೇ ಹೊರೆಗಟ್ಟಲೆ ಹಾಕುವುದು ಬೇಡ.

ಸೊಪ್ಪಿನ ಜೊತೆಯಲ್ಲಿ ಹತ್ತಿಯ ಬೀಜ ಅಥವಾ ಅದರ ಹಿಂಡಿಯನ್ನು ಕೊಡುವ ರೂಢಿಯುಳ್ಳವರು ಒಂದು ಮಾತನ್ನು ನೆನಪಿಡಬೇಕು. ಹತ್ತಿಯ ಬೀಜದಲ್ಲಿ ಗಾಸಿಪಾಲ್ ಎಂಬ ವಸ್ತುವಿದ್ದು, ಅದು ಗಂಡಿನ ಬೀಜಶಕ್ತಿಯನ್ನೇ ಕುಂದಿಸತಕ್ಕದ್ದು. ಮೆಲುಕುಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಇದರ ಬಹುಭಾಗವು ನಿರಪಾಯವಾಗುತ್ತದೆಯಾದರೂ, ಬೀಜದ ಟಗರಿಗೆ ಕಡಲೆಕಾಯಿ ಹಿಂಡಿಯನ್ನೇ ಆರಿಸಿಕೊಳ್ಳುವುದು ಕ್ಷೇಮ.

ಪ್ರಮಾಣ ಮತ್ತು ಕ್ರಮ

೩೫ ಕಿಲೋಗ್ರಾಂ ತೂಕದ ಟಗರಿಗೆ ನೀರಿನ ಅಂಶವನ್ನು ಕಳೆದು ದಿನಕ್ಕೆ ಸುಮಾರು ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು ಮೇವು ಬೇಕು. ಇದರಲ್ಲಿ ಮೂರನೆಯ ಒಂದು ಪಾಲು ಸೊಪ್ಪಾಗಿರಲಿ. ಹಸಿಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುವುದರಿಂದ, ತೂಗಿ ನೋಡಿದರೆ ಇದು ಸುಮಾರು ಒಂದೂವರೆ ಕಿಲೋಗ್ರಾಂ ಹಸಿಸೊಪ್ಪಾಗುತ್ತದೆ. ಇಷ್ಟೂ ಒಂದೇ ಮರದ್ದಾಗದೆ ಎರಡು ಮೂರು ಜಾತಿಯ ಮರಗಳದ್ದಾಗಿರಬೇಕು. ಉಳಿದ ಪಾಲಿಗೆ ರಾಗಿಯ ಹುಲ್ಲು, ಹುರುಳಿ ಅಥವಾ ಅವರೆಯ ಹೊಟ್ಟು ಆಗಬಹುದು. ಮರದ ಸೊಪ್ಪಿನಲ್ಲಿ ಸುಣ್ಣದ ಅಂಶ ಹೆಚ್ಚು, ರಂಜಕದ ಅಂಶ ಕಡಮೆ. ಈ ಕೊರತೆಯನ್ನು ತೌಡು ತುಂಬಿಕೊಡುತ್ತದೆ. ಟಗರನ್ನು ಮಂದೆಗೆ ಬಿಡುವುದಕ್ಕೆ ಎರಡು ತಿಂಗಳು ಮೊದಲಿನಿಂದ, ಎಂದರೆ ಏಪ್ರಿಲ್ ತಿಂಗಳಿನ ಆರಂಭದಿಂದ, ಬೇಯಿಸಿದ ಹುರುಳಿ, ತೌಡು, ಹಿಂಡಿ ಇವುಗಳ ಮಿಶ್ರಣವನ್ನು ದಿನಕ್ಕೆ ಕಾಲು ಕಿಲೋಗ್ರಾಂ ಪ್ರಕಾರ, ಚಿಟಿಕೆ ಉಪ್ಪಿನೊಡನೆ ಕೊಡಬೇಕು. ಮೇ ತಿಂಗಳಿನ ಕೊನೆಯಲ್ಲಿ ಎಚ್ಚತ್ತು ಹಿಂಡಿ ತಿನ್ನಿಸಿದರೆ ಮೈ ತುಂಬಬಹುದು, ಜೂನ್ ತಿಂಗಳಿನ ಬೀಜಕ್ಕೆ ಅದು ಒದಗುವುದಿಲ್ಲ.

ಟಗರನ್ನು ಪರೀಕ್ಷಿಸುವ ಬಗೆ

ಇದಕ್ಕೆ ದೊಡ್ಡ ಉಪಕರಣಗಳು ಬೇಕಾಗಿಲ್ಲ. ಏಪ್ರಿಲ್ ಮೊದಲಲ್ಲಿ ವೃಷಣಗಳ ಅತ್ಯಂತ ದಪ್ಪವಾದ ಭಾಗದ ಸುತ್ತಳತೆಯನ್ನು ಒಂದು ದಾರದಿಂದ ಅಳೆದು, ಅಳತೆಗೆ ಗಂಟು ಹಾಕಿ ಮನೆಯಲ್ಲಿ ತೂಗುಹಾಕಬೇಕು. ತಿಂಗಳಿಗೊಮ್ಮೆ ಅದೇ ದಾರದಿಂದ ಅಳೆಯಬೇಕು. ಗಂಟು ಕೂಡದೆ ಹೋದರೆ ಟಗರು ಬೆಳೆದಿದೆ; ದಾರವು ಸಡಿಲವಾದರೆ ಮೇವಿನಲ್ಲಿಯಾಗಲಿ ಆರೋಗ್ಯದಲ್ಲಿಯಾಗಲಿ ದೋಷವುಂಟು. ವೃಷಣಗಳೆರಡೂ ಸಮನಾಗಿ, ಮುಟ್ಟಿದರೆ ಬಿಗಿಯಾಗಿ ಇರಬೇಕು. ಮೆತ್ತಗಾಗಿದ್ದರೆ, ಗಂಟುಗಳಿದ್ದರೆ, ಒಂದು ಕಡೆ ಊದಿದ್ದರೆ ಅದು ಮೇವಿನ ದೋಷವಲ್ಲ, ರೋಗವಿರಬಹುದು. ಕೂಡಲೆ ಪಶುವೈದ್ಯರಿಗೆ ತೋರಿಸಬೇಕು.

ಮಂದೆಗೆ ಬಿಟ್ಟ ಮೇಲೆ ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣನ್ನು ಬಳಿಯಬೇಕು. ಅದು ಹತ್ತಿದ ಕುರಿಯ ಹಿಂಭಾಗದಲ್ಲಿ ಕೆಂಪು ಗುರುತು ಬೀಳುತ್ತದೆ. ಕುರಿಯು ೧೭ ದಿವಸಗಳಿಗೊಮ್ಮೆಯೂ ಆಡು ೨೧ ದಿವಸಗಳಿಗೊಮ್ಮೆಯೂ ಬೆದೆಗೆ ಬರುವುದರಿಂದ, ಹದಿನಾರು ದಿವಸಗಳಾದ ಮೇಲೆ ಬಣ್ಣವನ್ನು ಬದಲಾಯಿಸಿ ಅರಸಿನವನ್ನೋ ಇದ್ದಿಲ ಪುಡಿಯನ್ನೋ ಬಳಿಯಬೇಕು. ಎರಡನೆಯ ಬಣ್ಣವು ಒಂದೆರಡು ಕುರಿಗಳ ಮೇಲೆ ಬಿದ್ದರೆ ದೋಷವು ಆ ಕುರಿಗಳದು. ಗುರುತಾದ ಕುರಿಗಳಲ್ಲಿ ಬಹುಪಾಲು ಮತ್ತೆ ಗುರುತಾದರೆ ದೋಷವು ಟಗರಿನದು. ಈ ಪರೀಕ್ಷೆಯಿಂದ ಮೂರನೆಯ ವಾರದಲ್ಲಿಯೇ ಸತ್ಯವು ಗೊತ್ತಾಗಿ, ಬೇರೊಂದು ಟಗರನ್ನು ಎರವಲು ತರುವುದಕ್ಕೆ ಕಾಲವಿರುತ್ತದೆ. ಮರಿ ಹುಟ್ಟುವವರೆಗೆ ಕಾದು ಕುಳಿತವನಿಗೆ ಉಳಿಯುವುದು ಪಶ್ಚಾತ್ತಾಪ ಮಾತ್ರ. ೨೫ ಕುರಿಗಳಿಗೆ ಒಂದು ಟಗರಿರುವ ಮಂದೆಯನ್ನು ಉದಾಹರಣೆಗೆ ತೆಗೆದುಕೊಂಡರೆ, ಹತ್ತು ಮರಿಗಳು ಕಡಮೆಯಾದರೂ ಅವುಗಳ ಕ್ರಯದ ಮುಂದೆ ಎರಡು ತಿಂಗಳ ಹುರುಳಿ ತೌಡುಗಳ ಕ್ರಯವು ಲೆಕ್ಕಕ್ಕೆ ಬಾರದು.

ನೆರಳೂ ಒಂದು ಮೇವೇ

ವೃಷಣವು ದೇಹದ ಹೊರಗೆ ತೂಗಾಡುವಂತೆ ಸೃಷ್ಟಿಯಾಗಿರುವುದು ತಂಪಿಗಾಗಿ. ದೇಹದ ಶಾಖಕ್ಕಿಂತ ಕೆಲವು ಡಿಗ್ರಿ ಕಡಮೆ ಶಾಖದಲ್ಲಿಯೇ ಬೀಜವು ಚೆನ್ನಾಗಿ ಸಿದ್ಧವಾಗತಕ್ಕದ್ದು. ಬಿರುಬಿಸಿಲಿನಲ್ಲಿ ನಿಂತ ಟಗರಿಗೆ ಎಂತಹ ಮೇವು ಹಾಕಿದರೂ ವ್ಯರ್ಥ. ಜ್ವರ ಬಂದು ಹೋದ ಟಗರಿನ ಬೀಜವೂ ಎರಡು ತಿಂಗಳವರೆಗೆ ನೆಚ್ಚತಕ್ಕದ್ದಲ್ಲ. ಆದುದರಿಂದ ಸೊಪ್ಪಿಗಾಗಿ ಮರವನ್ನು ಬೋಳಿಸುವವನು ಟಗರಿಗೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆಯೇ ಸರಿ. ಕೆಳಗಿನ ಕೊಂಬೆಗಳನ್ನು ಸರದಿಯಂತೆ ಸವರಿ, ನೆತ್ತಿಯನ್ನು ಬಿಡಬೇಕು. ಈ ವರ್ಷ ಸವರಿದ ಮರಕ್ಕೆ ಮುಂದಿನ ವರ್ಷ ವಿಶ್ರಾಂತಿ ಕೊಡಬೇಕು. ನಡುಹಗಲು ಮಂದೆಯು ಆ ನೆರಳಿನಲ್ಲಿಯೇ ನಿಲ್ಲಲಿ.

ಗ್ರಾಮದ ಮುಖಂಡರು ಈ ಕಾರ್ಯದಲ್ಲಿ ಮುಂದಾಳಾಗಿ ನಿಲ್ಲುವುದಾದರೆ ಸಣ್ಣ ಹಿಡುವಳಿದಾರರು ತಾವಾಗಿಯೇ ಅನುಸರಿಸುವರು. ಮಳೆಗಾಲದ ಆರಂಭದಲ್ಲಿ ಪ್ರತಿಯೊಬ್ಬ ಜಮೀನುದಾರನೂ ತನ್ನ ಬದುಗಳಲ್ಲಿ ಅಗಸೆ, ಗೊಬ್ಬರದ ಗಿಡ, ಹಿಪ್ಪುನೇರಳೆ ಇವುಗಳಲ್ಲಿ ಹತ್ತು ಹನ್ನೆರಡು ಗಿಡಗಳನ್ನಾದರೂ ನೆಡಬಹುದು. ಒಂದೇ ಜಾತಿಯನ್ನು ನೆಡುವುದಕ್ಕಿಂತ ಮೂರು ಜಾತಿಗಳನ್ನು ನೆಡುವುದು ಲೇಸು. ಊರಿಗೆ ಒಂದೆರಡು ಶುದ್ಧ ತಳಿಯ ಟಗರುಗಳನ್ನು ಇಟ್ಟು, ಏಪ್ರಿಲ್, ಮೇ ತಿಂಗಳುಗಳಲ್ಲಿ ಅವುಗಳ ಹಿಂಡಿ ಹುರುಳಿಯ ಖರ್ಚನ್ನು ಮಂದೆಯುಳ್ಳವರೆಲ್ಲರೂ ಹಂಚಿಕೊಳ್ಳುವ ಏರ್ಪಾಡನ್ನು ಮಾಡಬಹುದು. ಮರಿ ಕಡಮೆಯಾದಾಗ ಹೆಣ್ಣುಕುರಿಗಳನ್ನು ಸಂತೆಗೆ ಹೊಡೆಯುವುದಕ್ಕೆ ಮುಂಚೆ ಮನೆಯಲ್ಲಿ ತೂಗುಹಾಕಿದ ದಾರವನ್ನು ಒಮ್ಮೆ ನೋಡುವ ಅಭ್ಯಾಸವು ಈ ಸೀಮೆಯಲ್ಲಿ ಬೇರೂರಿದರೆ, ಬಂಡೂರು ಕುರಿಯ ಸಂತತಿಯು ತನ್ನ ತವರಿನಲ್ಲಿ ಉಳಿದು ಬೆಳೆಯುವುದರಲ್ಲಿ ಸಂದೇಹವಿಲ್ಲ.